ಕೇಳಿಸದ್ದನ್ನು ಕೇಳಿಸಿತೆಂದಾಗ



ಮಡಗಾಂವದಲ್ಲಿರುವ ನನ್ನ ಸ್ನೇಹಿತರೊಬ್ಬರು ಧಾರವಾಡದ ಕಡೆಯವರು. ನಿವೃತ್ತಿಯ ಹಣದಲ್ಲಿ ಮ್ಯೂಸಿಕ್ ಸರ್ವರ್ ಕೊಂಡಿದ್ದಾರೆ. ಹಾಡುಗಳನ್ನು ತನ್ನೊಳಗಿಟ್ಟುಕೊಂಡು, ಡ್ಯಾಕ್ ಎಂಬ ಇನ್ನೊಂದು ಪೆಟ್ಟಿಗೆಗೆ ಅಂಕಿಗಳಾಗಿ ಕಳಿಸುವ ಕಂಪ್ಯೂಟರ್ ಅದು. ಅಂಕಿಗಳನ್ನು ಮತ್ತೆ ನಾದವಾಗಿಸುವ ಕೆಲಸ ಡ್ಯಾಕಿನದು. ಕಳೆದ ತಿಂಗಳು ಸರ್ವರಿಗೆ ದುಬಾರಿ ಪವರ್ ಸಪ್ಲೈ ಹಾಕಿಸಿ ನನ್ನನ್ನು ಕರೆದರು. ಕೇಸರಬಾಯಿ ಕೇರಕರ್ ಅವರ ಹಾಡು ಹಾಕಿದರು.

"ಹೆಂಗೈತ್ರಿ? ಮೊದಲಿಗಿಂತ ಬಿಚ್ಚಿಕೊಂಡೈತಲ್ರಿ?"

"ಹೌದ್ರಿ, ಭಾಳ ಫರಕು" ಎಂದೆ. ನನಗೆ ಯಾವ ಫರಕೂ ಕೇಳಿಸಿರಲಿಲ್ಲ.

ವಾರದ ಮೇಲೆ ಫೋನು ಬಂತು. ಡ್ಯಾಕನ್ನೂ ಬದಲಿಸುತ್ತಾರಂತೆ, ಒಂದೂವರೆ ಲಕ್ಷ. "ನೀವೂ ಹೇಳಿದ್ರೆಲ್ಲಾ" ಎಂದರು. ಅಂದು ರಾತ್ರಿ ನನಗೆ ನಿದ್ದೆ ಬರಲಿಲ್ಲ.

ನೆಂಟರ ಮನೆಯಲ್ಲಿ ಉಪ್ಪು ಹೆಚ್ಚಾದ ಸಾರನ್ನೂ ಚೆನ್ನಾಗಿದೆ ಎನ್ನುತ್ತೇವೆ. ಅಲ್ಲಿ ಯಾರೂ ನಮ್ಮ ನಾಲಿಗೆಯ ಸಾಕ್ಷ್ಯ ಕೇಳಿರುವುದಿಲ್ಲ. ಪ್ರೀತಿ ಕೇಳಿರುತ್ತಾರೆ, ಅಷ್ಟೇ. ಈ ಮನುಷ್ಯ ಕೇಳಿದ್ದು ಬೇರೆ. ತಮ್ಮ ಕಿವಿಯ ಮೇಲೆ ಅವರಿಗೇ ಅನುಮಾನವಿತ್ತು, ಅದಕ್ಕೇ ಇನ್ನೊಂದು ಜೊತೆ ಕಿವಿಯನ್ನು ಕರೆಸಿದ್ದರು. ಎಂಟನೆಯ ಕಟ್ಟಳೆ ಸುಳ್ಳು ಸಾಕ್ಷಿಯ ಬಗ್ಗೆ ಎಂದು ಬಾಲ್ಯದಿಂದ ಒಪ್ಪಿಸುತ್ತ ಬಂದವನು ನಾನು. ಅದು ಕೋರ್ಟಿನ ಮಾತು ಎಂದುಕೊಂಡಿದ್ದೆ.

ಹಾಗೆಂದು ಅವರ ನಂಬಿಕೆ ಪೂರ್ತಿ ಹುಚ್ಚಲ್ಲ. ಪವರ್ ಸಪ್ಲೈ ಕಡತದ ಅಂಕಿಗಳನ್ನು ಬದಲಿಸಲಾರದು. ಆದರೆ ವಿದ್ಯುತ್ತಿನ ಗದ್ದಲ ತಂತಿಯ ಮೂಲಕ ಡ್ಯಾಕಿನವರೆಗೆ ಹೋಗಬಹುದು. ಒಳ್ಳೆಯ ಡ್ಯಾಕ್ ಅದರಲ್ಲಿ ಬಹುಪಾಲನ್ನು ತಡೆಯುತ್ತದೆ. 1982ರಲ್ಲಿ ಬಂದ ಸಿಡಿಯೇ ನಾದವನ್ನು ಸೆಕೆಂಡಿಗೆ 44,100 ಸಲ ಅಳೆಯುತ್ತಿತ್ತು. ಮನುಷ್ಯನ ಕಿವಿಯ ಮಿತಿಯಾದ 20,000 ಹರ್ಟ್ಸ್‌ಗೆ ಅದು ಸಾಕು. ಅರವತ್ತು ದಾಟಿದ ನಮಗೆ ಅಷ್ಟೂ ಕೇಳಿಸದು. ಅವರ ಕೋಣೆಯ ಬೋಳು ಗೋಡೆ, ಟೈಲ್ಸ್ ನೆಲ, ತಲೆಯ ಮೇಲಿನ ಫ್ಯಾನು, ಇವು ಮಾಡುವ ಕೆಡುಕೇ ಹೆಚ್ಚು.

ಇನ್ನು ಕೇಸರಬಾಯಿ. ನಮ್ಮ ಗೋವೆಯ ಕೇರಿಯಲ್ಲಿ 1892ರಲ್ಲಿ ಹುಟ್ಟಿ ಅಲ್ಲಾದಿಯಾ ಖಾನರಲ್ಲಿ ಕಲಿತವರು. ಅದೇ ಖಾನರ ಮಕ್ಕಳು ಧಾರವಾಡದ ಮಲ್ಲಿಕಾರ್ಜುನ ಮನ್ಸೂರರಿಗೆ ಗುರುಗಳು. ಆಕೆಯ ದನಿ ಹಳೆಯ ಮೂರು ನಿಮಿಷದ ತಟ್ಟೆಗಳಲ್ಲಿ ಉಳಿದಿದೆ. ಅದರಲ್ಲೊಂದನ್ನು 1977ರಲ್ಲಿ ವಾಯೇಜರ್ ನೌಕೆಯಲ್ಲಿ ಆಕಾಶಕ್ಕೂ ಕಳಿಸಿದರು. ತಟ್ಟೆಯ ಗೀರು ಹಿಡಿಯದೆ ಬಿಟ್ಟದ್ದನ್ನು ಯಾವ ಸರ್ವರೂ ತಂದುಕೊಡಲಾರದು.

ಹೋಗಿ ತಪ್ಪೊಪ್ಪಿಕೊಂಡೆ. ಅವರ ಮುಖ ಸಣ್ಣದಾಯಿತು. ಸ್ವಲ್ಪ ಹೊತ್ತು ಸುಮ್ಮನಿದ್ದು, "ಪರೀಕ್ಷಾ ಮಾಡೋಣ" ಎಂದರು. ವೈನಿಯವರು ಪರದೆಯ ಹಿಂದೆ ಕೂತು ಹಳೆಯದು, ಹೊಸದು ಎಂದು ಬದಲಿಸಿ ಬದಲಿಸಿ ಹಾಕಿದರು. ಪ್ರತಿ ಸಲವೂ ಸರ್ವರ್ ಆರಿಸಿ ಹೊತ್ತಿಸಬೇಕು. ಹತ್ತರಲ್ಲಿ ಅವರು ಆರು ಸರಿ ಹೇಳಿದರು, ನಾನು ನಾಲ್ಕು. ನಾಣ್ಯ ಚಿಮ್ಮಿದ್ದರೂ ಅಷ್ಟೇ ಬರುತ್ತಿತ್ತು. ಆರ್ಡರಿನ ಮಾತು ನಾನು ಎತ್ತಲಿಲ್ಲ, ಅವರೂ ಎತ್ತಲಿಲ್ಲ.

"ಎದ್ದು ಕೂತು ನನ್ನ ನಡಾ ಹೋತು" ಎಂದರು ವೈನಿ, ಚಹಾ ತರುತ್ತ. "ಮುಂದಿನ ಸಲ ಪರದೆ ಹಿಂದ ನೀವಾ ಕೂಡ್ರಿ."