ದಕ್ಷಿಣೆಯಲ್ಲಿ ಪಾಲು

ಸಮುದ್ರಯಾನವನ್ನು ಪತನಕಾರಕ ಕರ್ಮಗಳಲ್ಲಿ ಮೊದಲನೆಯದಾಗಿ ಎಣಿಸಿದ ಬೋಧಾಯನ ಧರ್ಮಸೂತ್ರಕಾರನೂ, ಕಡಲಯಾನ ಮಾಡಿದವನನ್ನು ಶ್ರಾದ್ಧದ ಪಂಕ್ತಿಗೆ ಕರೆಯಬಾರದೆಂದು ವಿಧಿಸಿದ ಮನುವೂ ಇಂದು ವೈಟ್‌ಫೀಲ್ಡಿನ ಯಾವುದಾದರೊಂದು ಅಪಾರ್ಟ್‌ಮೆಂಟಿನ ಕಲ್ಲುಬೆಂಚಿನ ಮೇಲೆ ಒಂದು ಸಂಜೆ ಕುಳಿತು ಅಲ್ಲಿನ ಮಾತುಕತೆಗೆ ಕಿವಿಗೊಟ್ಟರೆ, ತಮ್ಮ ನಿಷೇಧವು ಉಲ್ಲಂಘಿತವಾಯಿತೆಂಬುದಕ್ಕಿಂತ ಅದು ಯಾರ ನೆನಪಿನಲ್ಲಿಯೂ ಉಳಿದಿಲ್ಲವೆಂಬುದಕ್ಕೆ ಹೆಚ್ಚು ಬೆರಗಾದಾರು. ಆಚಾರನಿಷ್ಠೆಗೆ ಹೆಸರಾಗಿದ್ದ ನಾಲ್ವಡಿ ಕೃಷ್ಣರಾಜ ಒಡೆಯರೇ 1936ರಲ್ಲಿ ಯೂರೋಪಿಗೆ ಹೋಗಿಬಂದ ಮೇಲೆ ಮೈಸೂರು ಸೀಮೆಯಲ್ಲಿ ಆ ವಾದಕ್ಕೆ ಉಳಿದಿದ್ದ ಅಲ್ಪಸ್ವಲ್ಪ ಜೀವವೂ ಹೋಯಿತೆನ್ನಬಹುದು. ಈಗ ಸಿಂಗಾಪುರದಿಂದಲೋ ಮುಂಬಯಿಯಿಂದಲೋ ಹೊರಡುವ ವಿಹಾರನೌಕೆಯನ್ನು, ಎಲ್ಲರೂ ಕ್ರೂಸ್ ಎಂದು ಕರೆಯುವ ಆ ತೇಲುವ ಊರನ್ನು, ಹತ್ತಬಹುದೇ ಎಂಬ ಸಂದೇಹ ಯಾರನ್ನೂ ಕಾಡುವುದಿಲ್ಲ. ಯಾವ ಏಜೆಂಟನ ಕೈಯಲ್ಲಿ ಬುಕ್ ಮಾಡಿಸಿದರೆ ಎಷ್ಟು ವಾಪಸು ಕೊಟ್ಟಾನು ಎಂಬುದೊಂದೇ ಜಿಜ್ಞಾಸೆ. ಇದನ್ನು ಬರಿಯ ವ್ಯವಹಾರದ ಮಾತೆಂದು ತಳ್ಳಿಹಾಕುವವರುಂಟು. ನನಗಾದರೋ ಅಳಿದುಹೋದ ಆ ಹಳೆಯ ಪ್ರಶ್ನೆಗಿಂತ ಈ ಹೊಸದೇ ಧರ್ಮವಿಚಾರಕ್ಕೆ ಹೆಚ್ಚು ಯೋಗ್ಯವಾದುದಾಗಿ ತೋರುತ್ತದೆ.

ವಸ್ತುಸ್ಥಿತಿ ಹೀಗಿದೆ. ಪ್ರಯಾಣಿಕನು ಏಜೆಂಟನಿಗೆ ಬೇರೆಯಾಗಿ ಏನನ್ನೂ ಕೊಡುವುದಿಲ್ಲ. ಹಡಗಿನ ಕಂಪನಿಯೇ ಅವನಿಗೆ ಕಮಿಷನ್ ಕೊಡುತ್ತದೆ, ಅದೂ ಕ್ಯಾಬಿನ್ನಿನ ಮೂಲದರದ ಮೇಲೆ ಮಾತ್ರ. ಬಂದರುಶುಲ್ಕ, ಸರ್ಕಾರದ ತೆರಿಗೆ ಮೊದಲಾದುವುಗಳ ಮೇಲೆ ಕಮಿಷನ್ ಇಲ್ಲ. ಲೆಕ್ಕಕ್ಕೆಂದು ಒಂದು ಲಕ್ಷ ರೂಪಾಯಿಯ ಟಿಕೆಟ್ಟಿನಲ್ಲಿ ಇಪ್ಪತ್ತು ಸಾವಿರ ಶುಲ್ಕಗಳಿಗೆ ಹೋಯಿತೆಂದೂ ಉಳಿದುದರ ಮೇಲೆ ಶೇಕಡ ಹತ್ತು ಏಜೆಂಟನಿಗೆ ಬಂದಿತೆಂದೂ ಹಿಡಿಯೋಣ: ಅವನ ಪಾಲು ಎಂಟು ಸಾವಿರ. ವಿಮಾನ ಟಿಕೆಟ್ಟಿನ ಕಮಿಷನ್ನನ್ನು ನಮ್ಮ ದೇಶದ ದೊಡ್ಡ ಕಂಪನಿಗಳು 2008ರ ಸುಮಾರಿಗೆ ನಿಲ್ಲಿಸಿಬಿಟ್ಟ ಮೇಲೆ ಏಜೆಂಟನಿಗೆ ಇಂಥ ಪಾಲುಗಳೇ ಜೀವನಾಧಾರ. ಆದರೆ ಪಕ್ಕದ ಬೀದಿಯ ಇನ್ನೊಬ್ಬ ಏಜೆಂಟನಿಗೂ ಅದೇ ಹಡಗು, ಅದೇ ದರ, ಅದೇ ಕಮಿಷನ್. ಗಿರಾಕಿಯನ್ನು ಸೆಳೆಯಲು ಮಾರಬೇಕಾದ ಸರಕಿನಲ್ಲಿ ಭೇದವಿಲ್ಲದಿರುವಾಗ ತನಗೆ ಬರುವುದರಲ್ಲಿಯೇ ಒಂದು ತುಂಡನ್ನು ಮುರಿದು ಕೊಡುವುದಲ್ಲದೆ ಅವನಿಗೆ ಬೇರೆ ದಾರಿಯೇ ಇಲ್ಲ. ಒಬ್ಬನು ಹಡಗಿನೊಳಗೆ ಮಾತ್ರ ಖರ್ಚಾಗುವ, ಉಳಿದರೆ ಬಹುತೇಕ ಕೈಬಿಟ್ಟುಹೋಗುವ ಕ್ರೆಡಿಟ್ಟನ್ನು ಕೊಡುತ್ತಾನೆ. ಇನ್ನೊಬ್ಬನು ಪ್ರಯಾಣ ಮುಗಿದ ಮೇಲೆ ಯುಪಿಐನಲ್ಲಿ ನಗದನ್ನೇ ಹಾಕುತ್ತೇನೆನ್ನುತ್ತಾನೆ. ಮತ್ತೊಬ್ಬನು ಹಡಗಿನ ಸಿಬ್ಬಂದಿಗೆ ಸಲ್ಲತಕ್ಕ ದಿನವಹಿ ಭಕ್ಷೀಸನ್ನು ನಿಮ್ಮ ಪರವಾಗಿ ತಾನೇ ಮೊದಲೇ ಕಟ್ಟುತ್ತೇನೆನ್ನುತ್ತಾನೆ.

ನಮ್ಮ ನೆರೆಮನೆಯ ದಂಪತಿಗಳು ಈ ಮೂವರನ್ನೂ ಒಂದು ಎಕ್ಸೆಲ್ ಹಾಳೆಯ ಮೂರು ಕಾಲಮ್ಮುಗಳಲ್ಲಿ ನಿಲ್ಲಿಸಿ, ಫೋನಿನ ಪರದೆಯನ್ನು ನನ್ನ ಕಡೆಗೆ ತಿರುಗಿಸಿ, ತೀರ್ಪು ಕೇಳಿದರು. "ರೀ, ಇವನು ಕ್ಯಾಶೇ ಕೊಡ್ತಾನಂತೆ" ಎಂದು ಆಕೆ. "ಕ್ಯಾಶ್ ಕೊಡೋನು ಬೋರ್ಡಿಂಗ್ ದಿನ ಫೋನ್ ಎತ್ತಬೇಕಲ್ಲ" ಎಂದು ಆತ. "ಅಂಕಲ್, ನೀವಾದ್ರೆ ಯಾರ ಹತ್ರ ಮಾಡಿಸ್ತೀರಿ?" ಹಾಳೆಯಲ್ಲಿ ಪ್ರತಿಯೊಬ್ಬನೂ ಎಷ್ಟು ಕೊಡುವನೆಂಬುದು ರೂಪಾಯಿಯವರೆಗೆ ನಮೂದಾಗಿತ್ತು, ಯಾವನು ಯಾವ ಹಡಗನ್ನು ಏಕೆ ಹೇಳಿದನೆಂಬುದಕ್ಕೆ ಕಾಲಮ್ಮೇ ಇರಲಿಲ್ಲ.

ಪರರ ಕೈಯಿಂದ ಕೆಲಸ ಮಾಡಿಸಿಕೊಂಡು ಫಲವನ್ನು ತಾನು ಪಡೆಯುವುದು ಹೇಗೆ ನ್ಯಾಯ್ಯ ಎಂಬುದನ್ನು ಪೂರ್ವಮೀಮಾಂಸಕರಷ್ಟು ಸೂಕ್ಷ್ಮವಾಗಿ ಶೋಧಿಸಿದವರು ನಮ್ಮಲ್ಲಿ ವಿರಳ. ಯಾಗದ ಕ್ರಿಯೆಗಳನ್ನೆಲ್ಲ ನಡೆಸುವವರು ಋತ್ವಿಜರು. ಸ್ವರ್ಗವು ಮಾತ್ರ ಯಜಮಾನನಿಗೆ. ಇದು ಹೇಗೆಂದರೆ, ದಕ್ಷಿಣೆಯೆಂಬುದು ದಾನವಲ್ಲ, ಅದೃಷ್ಟಫಲಕ್ಕಾಗಿ ಕೊಟ್ಟದ್ದೂ ಅಲ್ಲ, ಋತ್ವಿಜರ ಶ್ರಮವನ್ನು ಕೊಂಡುಕೊಳ್ಳುವ ಪರಿಕ್ರಯವೆಂದು ಜೈಮಿನೀಯರು ನಿರ್ಣಯಿಸಿದರು. ಶ್ರಮವು ಕ್ರೀತವಾದುದರಿಂದ ಕರ್ಮವು ಯಜಮಾನನದೇ ಆಯಿತು, ಆದ್ದರಿಂದ ಫಲವೂ ಅವನದೇ. ಕೂಲಿಗೂ ಫಲಕ್ಕೂ ನಡುವೆ ಅವರು ಎಳೆದ ಈ ಗೆರೆ ಎಷ್ಟು ದೃಢವೆಂದರೆ ಇಡೀ ಯಜ್ಞವ್ಯವಸ್ಥೆಯೇ ಅದರ ಮೇಲೆ ನಿಂತಿದೆ. ನೌಕಾವಿಹಾರದಲ್ಲಾದರೋ ದಕ್ಷಿಣೆಯನ್ನು ಕೊಡುವವನು ಯಜಮಾನನಲ್ಲ; ಹವಿಸ್ಸನ್ನು ಸ್ವೀಕರಿಸುವ ದೇವತೆಯೇ ಹಿಂಬಾಗಿಲಿನಿಂದ ಬಂದು ಪುರೋಹಿತನ ಕೈಗೆ ಹಣವಿಟ್ಟು ಹೋಗುತ್ತದೆ. ದೇವತೆಗೆ ಶರೀರವೇ ಇಲ್ಲವೆಂದು ವಾದಿಸಿದ ಮೀಮಾಂಸಕರಿಗೆ ಈ ತೊಡಕು ಬರಲಿಲ್ಲ, ನಮಗೆ ಬಂದಿದೆ. ಮೇಲಾಗಿ ಪುರೋಹಿತನು ಆ ಹಣದಲ್ಲಿ ಒಂದಂಶವನ್ನು ಯಜಮಾನನಿಗೇ ಹಿಂದಿರುಗಿಸಿದನೆಂದರೆ, ಆ ಕ್ಷಣದಿಂದ ಯಜಮಾನನು ಅರ್ಧ ಋತ್ವಿಜನೂ ಆಗಿಬಿಡುತ್ತಾನೆ: ಫಲವನ್ನೂ ಅಪೇಕ್ಷಿಸುತ್ತಾನೆ, ಕೂಲಿಯಲ್ಲಿಯೂ ಪಾಲುಗಾರ.

ಪಾಲುಗಾರಿಕೆಯ ಧರ್ಮವೇನೆಂದು ಕೇಳಲು ಬೆಂಗಳೂರಿನಿಂದ ಬಹುದೂರ ಹೋಗಬೇಕಾಗಿಲ್ಲ, ಕಲ್ಯಾಣದವರೆಗೆ ಹೋದರೆ ಸಾಕು. ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ಆ ಊರಿನಲ್ಲಿ ವಿಜ್ಞಾನೇಶ್ವರನು ಯಾಜ್ಞವಲ್ಕ್ಯಸ್ಮೃತಿಗೆ ಬರೆದ ಮಿತಾಕ್ಷರಾ ವ್ಯಾಖ್ಯಾನವು ಭಾರತದ ಬಹುಭಾಗಕ್ಕೆ ಶತಮಾನಗಳ ಕಾಲ ದಾಯಭಾಗದ ಶಾಸನವಾಗಿತ್ತು. ಆದರೆ ಆಸ್ತಿಯ ಪಾಲನ್ನು ಕುರಿತ ಆ ಭಾಗದ ಪ್ರಸಿದ್ಧಿಯಲ್ಲಿ, ಕೂಡಿ ಉದ್ಯಮ ನಡೆಸುವವರನ್ನು ಕುರಿತ ಸಂಭೂಯಸಮುತ್ಥಾನ ಪ್ರಕರಣವನ್ನು ಈಗ ಓದುವವರು ಕಡಮೆ. ಅಲ್ಲಿ ಮೂಲಸ್ಮೃತಿಯ ಅಭಿಪ್ರಾಯ ಇಷ್ಟು: ಒಟ್ಟುಗೂಡಿ ವ್ಯಾಪಾರ ಮಾಡುವವರ ಲಾಭನಷ್ಟಗಳು ಅವರವರು ಹಾಕಿದ ದ್ರವ್ಯಕ್ಕೆ ಅನುಗುಣವಾಗಿ ಅಥವಾ ಮೊದಲೇ ಮಾಡಿಕೊಂಡ ಒಡಂಬಡಿಕೆಯಂತೆ ಹಂಚಿಕೆಯಾಗಬೇಕು, ಕುಟಿಲನಾದವನನ್ನು ಲಾಭ ಕೊಡದೆ ಹೊರಗೆ ಹಾಕಬೇಕು, ಈ ನಿಯಮವೇ ಋತ್ವಿಜರಿಗೂ ಬೇಸಾಯಗಾರರಿಗೂ ಕೂಲಿಕಾರರಿಗೂ ಸಲ್ಲುತ್ತದೆ. ವಣಿಜನನ್ನೂ ಪುರೋಹಿತನನ್ನೂ ಒಕ್ಕಲಿಗನನ್ನೂ ಒಂದೇ ವಾಕ್ಯದಲ್ಲಿ ಕೂರಿಸಿದ ಆ ಧೈರ್ಯವನ್ನು ನಾನು ಮೆಚ್ಚುತ್ತೇನೆ. ದಕ್ಷಿಣೆಯ ಹಂಚಿಕೆಯೂ ಅಲ್ಲಿ ಗುಟ್ಟಿನ ಮಾತಲ್ಲ: ಸೋಮಯಾಗದ ಹದಿನಾರು ಋತ್ವಿಜರಿಗೆ ನೂರು ಗೋವುಗಳಾದರೆ, ಮುಖ್ಯರಾದ ನಾಲ್ವರಿಗೆ ತಲಾ 12, ಎರಡನೆಯ ಸಾಲಿನವರಿಗೆ 6, ಮೂರನೆಯವರಿಗೆ 4, ಕಡೆಯವರಿಗೆ 3, ಕೂಡಿಸಿ ನೋಡಿದರೆ ನೂರಕ್ಕೆ ನೂರು. ಯಜ್ಞಶಾಲೆಯಲ್ಲಿ ಯಾರಿಗೆಷ್ಟೆಂಬುದನ್ನು ಹೋಮಧೂಮವು ಮರೆಸಿರಲಿಲ್ಲ.

ಈ ದೃಷ್ಟಿಯಿಂದ ನೋಡಿದರೆ ಕಮಿಷನ್ನಿನಲ್ಲಿ ಪಾಲು ಪಡೆಯುವುದು ಪಾಪವೆಂದು ಹೇಳಲು ಆಧಾರವಿಲ್ಲ. ದೋಷವಿರುವುದು ಮರೆಮಾಚುವುದರಲ್ಲಿ. ಕೆಲವು ದೊಡ್ಡ ಹಡಗು ಕಂಪನಿಗಳು ತಮ್ಮ ಏಜೆಂಟರು ನಿಗದಿಯಾದ ದರಕ್ಕಿಂತ ಕಡಮೆಯದನ್ನು ಜಾಹೀರಾತಿನಲ್ಲಿ ಸಾರಕೂಡದೆಂದು ಕಟ್ಟುಮಾಡಿವೆ. ಆ ಷರತ್ತಿಗೆ ಒಪ್ಪಿ ಸಹಿ ಮಾಡಿದವನು ಫೋನಿನಲ್ಲಿ ದನಿ ತಗ್ಗಿಸಿ "ಇದು ನಿಮಗೆ ಮಾತ್ರ ಸರ್, ಬೇರೆಯವರಿಗೆ ಹೇಳಬೇಡಿ" ಎಂದಾಗ, ಒಡಂಬಡಿಕೆಯನ್ನು ಬಗ್ಗಿಸುವವನು ಅವನು, ತಲೆಯಾಡಿಸಿದ ನಾವು ಅವನ ಜೊತೆಗಾರರು. ಇನ್ನೊಂದು ಹಾನಿ ಇದಕ್ಕಿಂತ ಸೂಕ್ಷ್ಮವಾದುದು. ವಾಪಸು ಬರುವ ಹಣವು ದರದ ಶೇಕಡಾವಾರಿನಲ್ಲಿ ನಿಗದಿಯಾದಾಗ, ಕಿಟಕಿಯಿಲ್ಲದ ಒಳಕೋಣೆಗಿಂತ ಬಾಲ್ಕನಿಯ ಕೋಣೆಯಲ್ಲಿ, ಮೂರು ರಾತ್ರಿಯ ಯಾನಕ್ಕಿಂತ ಏಳು ರಾತ್ರಿಯದರಲ್ಲಿ, ಏಜೆಂಟನಿಗೂ ಹೆಚ್ಚು, ಗಿರಾಕಿಗೂ ಹೆಚ್ಚು. ಆ ಹೆಚ್ಚಳವೆಲ್ಲ ಗಿರಾಕಿಯ ಕಿಸೆಯಿಂದಲೇ ಹೊರಟದ್ದೆಂಬುದು ಇಬ್ಬರಿಗೂ ಮರೆತುಹೋಗುತ್ತದೆ. "ನೀನು ಯಾರ ಕಡೆಯವನು?" ಎಂದು ಮಧ್ಯವರ್ತಿಯನ್ನು ಕೇಳುವ ಅಧಿಕಾರ ಸ್ವಾಮಿಗೆ ಇರುತ್ತದೆ, ಪಾಲುಗಾರನಿಗೆ ಇರುವುದಿಲ್ಲ. ಪಾಲು ಪಡೆದವನು ಆ ಅಧಿಕಾರವನ್ನು ಕೆಲವು ಸಾವಿರ ರೂಪಾಯಿಗೆ ಮಾರಿಕೊಂಡಿರುತ್ತಾನೆ. ಮಾರಿದೆನೆಂಬ ಅರಿವೂ ಅವನಿಗಿರುವುದಿಲ್ಲ.

ನಮ್ಮ ದೇಶದ ಕಾಯಿದೆಯು ಒಂದು ಕ್ಷೇತ್ರದಲ್ಲಿ ಇದನ್ನು ಕಂಡುಕೊಂಡಿತ್ತು. ಪೀಣ್ಯದ ಕೈಗಾರಿಕಾ ವಸಾಹತಿನಲ್ಲಿ ಲೇತ್ ಮೆಶೀನಿನ ಮುಂದೆ ಹಗಲೆಲ್ಲ ನಿಂತು ಸಂಜೆಗೆ ಎಲ್‌ಐಸಿ ಏಜೆಂಟನಾಗುವ ಗೃಹಸ್ಥನನ್ನು ಅರಿಯದವರು ಯಾರು? ಮೊದಲ ವರ್ಷದ ಕಮಿಷನ್ನಿನಿಂದ ಒಂದು ಕಂತನ್ನು ತಾನೇ ಕಟ್ಟುವುದಾಗಿ ಹೇಳಿ ಪಾಲಿಸಿ ಮಾಡಿಸುವುದು ಅವನ ವೃತ್ತಿಯ ಹಳೆಯ ವಾಡಿಕೆ. 1938ರ ವಿಮಾ ಕಾಯಿದೆಯ 41ನೆಯ ಕಲಮು ಇದನ್ನು ಸ್ಪಷ್ಟವಾಗಿ ನಿಷೇಧಿಸಿತು, ಕೊಡುವವನಿಗೆ ಮಾತ್ರವಲ್ಲ, ತೆಗೆದುಕೊಳ್ಳುವವನಿಗೂ. 500 ರೂಪಾಯಿಯವರೆಗಿದ್ದ ದಂಡವನ್ನು 2015ರ ತಿದ್ದುಪಡಿ 10 ಲಕ್ಷದವರೆಗೆ ಏರಿಸಿತು. ವಾಡಿಕೆ ಮಾತ್ರ ಅಳಿಯಲಿಲ್ಲ. ವಿಮೆಯಲ್ಲಿ ತಪ್ಪಾದುದು ವಿಹಾರಯಾನದಲ್ಲಿ ಸರಿಯಾಗುವುದೇಕೆಂದರೆ, ನನಗೆ ತೋರುವಂತೆ, ವಿಮೆಯು ಒಬ್ಬರ ಕಷ್ಟವನ್ನು ಹಲವರು ಹೊರುವ ಒಪ್ಪಂದ. ಅಲ್ಲಿ ಒಬ್ಬನಿಗೆ ಒಂದು ಬೆಲೆ, ಮತ್ತೊಬ್ಬನಿಗೆ ಮತ್ತೊಂದಾದರೆ ಆ ಸಹಭಾರದ ನ್ಯಾಯವೇ ಕೆಡುತ್ತದೆ. ಹಡಗಿನ ಸಹಪ್ರಯಾಣಿಕರಿಗೆ ಪರಸ್ಪರ ಅಂಥ ಯಾವ ಹೊಣೆಯೂ ಇಲ್ಲ.

ಗುಂಪಾಗಿ ಹೊರಟವರಿಗೆ ಮಾತ್ರ ಅದು ಇದೆ. ಕೋನಪ್ಪನ ಅಗ್ರಹಾರ, ದೊಡ್ಡತೋಗೂರುಗಳ ಹೊಲಗಳ ಮೇಲೆ ಎದ್ದ ಎಲೆಕ್ಟ್ರಾನಿಕ್ ಸಿಟಿಯ ಯಾವುದೋ ಕಚೇರಿಯ ಸಹೋದ್ಯೋಗಿಗಳು ಕುಟುಂಬಸಮೇತ ಎಂಟು ಕ್ಯಾಬಿನ್ನುಗಳನ್ನು ಹಿಡಿದರೆ, ಹಣ ಕೊಟ್ಟ ಹದಿನಾರು ಜನಕ್ಕೆ ಒಬ್ಬರ ಮೂಲದರವನ್ನು ಬಿಡುವ ಪದ್ಧತಿ ಹಲವು ಹಡಗು ಕಂಪನಿಗಳಲ್ಲಿದೆ. ಆ ಹದಿನೇಳನೆಯ ಹಾಸಿಗೆ ಯಾರದು? ಓಡಾಡಿ ಹೆಸರು ಸೇರಿಸಿದವನದೋ, ಹದಿನಾರು ಮಂದಿಗೂ ಹಂಚಿಹೋಗಬೇಕಾದುದೋ, ಬಾಯಿಬಿಡದಿದ್ದರೆ ಏಜೆಂಟನೇ ಉಳಿಸಿಕೊಳ್ಳತಕ್ಕದ್ದೋ? ಕೌಷೀತಕಿಗಳು ಸದಸ್ಯನೆಂಬ ಹದಿನೇಳನೆಯ ಋತ್ವಿಜನೊಬ್ಬನನ್ನು ಒಪ್ಪಿದ್ದರು. ಜೈಮಿನಿಯ ಮತದಲ್ಲಿ ಹದಿನೇಳನೆಯವನು ಯಜಮಾನನೇ ಹೊರತು ಬೇರೆಯವನಲ್ಲ. ಇಷ್ಟು ಹಳೆಯ ವಿವಾದವು ಇಷ್ಟು ಹೊಸ ವೇಷದಲ್ಲಿ ಬಂದುದನ್ನು ಕಂಡು ನಗು ಬಂದರೂ, ಜೈಮಿನಿಯ ಕಡೆಗೇ ನನ್ನ ಒಲವು: ಗುಂಪೇ ಯಜಮಾನ, ಹಾಸಿಗೆ ಗುಂಪಿನದು, ಮುಂದಾಳಿಗೆ ಅದನ್ನು ಕೊಡುವುದಾದರೆ ಎಲ್ಲರಿಗೂ ತಿಳಿಸಿ ಕೊಡತಕ್ಕದ್ದು.

ತೀರ್ಥಯಾತ್ರೆಯಲ್ಲಿ ಇದೇ ಪ್ರಶ್ನೆ ಇನ್ನೂ ತೀಕ್ಷ್ಣವಾಗುತ್ತದೆ. 2022ರ ನವೆಂಬರ್ 11ರಂದು ಬೆಂಗಳೂರಿನಿಂದ ಕಾಶಿದರ್ಶನದ ಭಾರತ್ ಗೌರವ್ ರೈಲು ಹೊರಟಾಗ ತಲಾ 20,000 ರೂಪಾಯಿಯ ವೆಚ್ಚದಲ್ಲಿ 5,000ವನ್ನು ರಾಜ್ಯ ಸರ್ಕಾರವೇ ಭರಿಸಿತು. ಆ ರಿಯಾಯಿತಿ ಎಲ್ಲರಿಗೂ ಸಮ, ಎಲ್ಲರಿಗೂ ಪ್ರಕಟ. ಖಾಸಗಿ ಬಸ್ಸಿನಲ್ಲಿ ಕಾರ್ಖಾನೆಯ ಸಹವಾಸಿಗಳನ್ನು ಕರೆದೊಯ್ಯುವ ಮುಖಂಡನ ಪುಕ್ಕಟೆ ಸೀಟಾದರೋ ಅಷ್ಟು ಪ್ರಕಟವಲ್ಲ. ಪರರ ಸಲುವಾಗಿ ತೀರ್ಥಕ್ಕೆ ಹೋದವನಿಗೆ ಫಲದ ಹದಿನಾರನೆಯ ಒಂದು ಭಾಗ, ಬೇರೆ ಕೆಲಸಕ್ಕೆ ಹೊರಟು ಪ್ರಸಂಗವಶಾತ್ ತೀರ್ಥವನ್ನು ಸೇರಿದವನಿಗೆ ಅರ್ಧ ಎಂಬ ಸ್ಮೃತಿವಚನವನ್ನು ನಿಬಂಧಕಾರರು ಉದ್ಧರಿಸುತ್ತಾರೆ. ಹದಿನಾರೆಂಬ ಸಂಖ್ಯೆ ಈ ವಿಚಾರದಲ್ಲಿ ಹೀಗೆ ಕಾಲುಕಾಲಿಗೆ ಏಕೆ ತೊಡರುವುದೋ ನಾನರಿಯೆ. ಮುಖಂಡನ ಪುಣ್ಯವನ್ನು ಅಳೆಯುವ ಗೋಜಿಗಂತೂ ನಾನು ಹೋಗುವುದಿಲ್ಲ.

ವಿಜ್ಞಾನೇಶ್ವರನ ಕಲ್ಯಾಣವೇ, ಒಂದು ಶತಮಾನ ಕಳೆಯುವುದರೊಳಗೆ, ಬಿಜ್ಜಳನ ಆಳ್ವಿಕೆಯಲ್ಲಿ ಬಸವಣ್ಣನವರ ಕಲ್ಯಾಣವಾಯಿತು. ಅಲ್ಲಿ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ನಡೆಸುತ್ತಿದ್ದ ಮಾರಯ್ಯನು ಒಂದು ದಿನ ವಾಡಿಕೆಗಿಂತ ಹೆಚ್ಚಾಗಿ ತಂದಾಗ, ಹೆಂಡತಿ ಲಕ್ಕಮ್ಮನು ಆ ಹೆಚ್ಚಿನದನ್ನು ಮರಳಿ ಸುರಿದು ಬರಲು ಹೇಳಿದಳೆಂಬ ಕಥೆಯನ್ನು ಕೇಳದ ಕನ್ನಡಿಗನಿಲ್ಲ. ಹೆಚ್ಚಾಗಿ ಚೆಲ್ಲಿಸಿದವರು ಬಸವಣ್ಣನವರೇ ಎಂದು ಹೇಳುವುದುಂಟು; ಹಾಗಿದ್ದರೆ ಅದು ಕದ್ದದ್ದಲ್ಲ, ಗುಟ್ಟಿನದೂ ಅಲ್ಲ, ಒಡೆಯನೇ ಮನಸಾರೆ ಇತ್ತದ್ದು. ಮಿತಾಕ್ಷರೆಯ ನ್ಯಾಯಪೀಠದಲ್ಲಿ ಮಾರಯ್ಯನು ನಿರ್ದೋಷಿ. ಲಕ್ಕಮ್ಮನ ಪೀಠದಲ್ಲಿ ಅಲ್ಲ. ಕಾಯಕಕ್ಕೆ ಬೇಕಾದುದಕ್ಕಿಂತ ಮಿಗಿಲಾದುದು, ಕೊಟ್ಟವರು ಯಾರೇ ಆಗಿರಲಿ, ಅವಳ ಮನೆಯ ಹೊಸ್ತಿಲನ್ನು ದಾಟಕೂಡದು. ಒಂದೇ ಊರು ಹೀಗೆ ಎರಡು ಅಳತೆಗಳನ್ನು ನಮಗೆ ಕೊಟ್ಟಿದೆ. ಲೋಕವ್ಯವಹಾರವು ಮೊದಲನೆಯದರಿಂದಲೇ ನಡೆಯಬೇಕೆಂದು ನಾನು ಒಪ್ಪುತ್ತೇನೆ. ನೆರೆಮನೆಯವರಿಗೂ ಅದರಂತೆಯೇ ಹೇಳಿದೆ, ಮೂವರನ್ನೂ ಅವರಿಗೆಷ್ಟು ಉಳಿಯುವುದೆಂದು ನೇರವಾಗಿ ಕೇಳಿ, ಹೇಳಿದವನ ಕೈಯಲ್ಲಿ ಮಾಡಿಸಿ ಎಂದು.

ಆದರೆ ಆ ಮೂರನೆಯ ಕಾಲಮ್ಮಿನ ವಿಷಯದಲ್ಲಿ ನನ್ನ ಮನಸ್ಸು ಲಕ್ಕಮ್ಮನ ಕಡೆಗೇ ವಾಲುತ್ತದೆ. ಕೋಣೆಯನ್ನು ದಿನವೂ ಗುಡಿಸಿ ಹಾಸಿಗೆಯನ್ನು ಹಾಸುವ, ಬಹುಶಃ ಗೋವೆಯಿಂದಲೋ ಫಿಲಿಪೀನ್ಸಿನಿಂದಲೋ ಮನೆ ಬಿಟ್ಟು ಬಂದ ಆಳಿಗೆ ಸಲ್ಲತಕ್ಕ ಭಕ್ಷೀಸನ್ನು ಏಜೆಂಟನು ತನ್ನ ಕಮಿಷನ್ನಿನಿಂದ ಕಟ್ಟಿರುತ್ತಾನೆ. ಆಳಿಗೆ ಹಣ ತಲಪುತ್ತದೆ, ಅವನ ನಮಸ್ಕಾರ ಮಾತ್ರ ಪ್ರಯಾಣಿಕನಿಗೆ ಸಲ್ಲುತ್ತದೆ. ತನ್ನ ಸ್ವತ್ವವನ್ನು ತೊರೆದು ಪರರ ಸ್ವತ್ವವನ್ನು ಉಂಟುಮಾಡುವುದು ದಾನವೆಂದು ಶಾಸ್ತ್ರವು ಹೇಳುವುದರಿಂದ, ಇಲ್ಲಿ ತೊರೆದವನು ವೈಟ್‌ಫೀಲ್ಡಿನ ಒಂದು ಮೊದಲ ಮಹಡಿಯ ಕಚೇರಿಯಲ್ಲಿ ಕುಳಿತವನೇ ಹೊರತು ಹಡಗನ್ನು ಹತ್ತಿದವನಲ್ಲ. ಆದಕಾರಣ ಈ ಕೊಡುಗೆಯನ್ನು ಆಯ್ದ ಪ್ರಯಾಣಿಕನು ಇಳಿಯುವ ದಿನ ತನ್ನ ಕಿಸೆಯಿಂದ ಬೇರೆಯಾಗಿ ಏನನ್ನಾದರೂ ಆ ಆಳಿನ ಕೈಗಿತ್ತರೆ ಅಷ್ಟು ಮಾತ್ರ ಅವನ ದಾನ. ಉಳಿದುದನ್ನು ಏಜೆಂಟನ ಲೆಕ್ಕಕ್ಕೆ ಬರೆಯತಕ್ಕದ್ದು.