ಬೇಡ ಎನ್ನಲು ಬೇಕಾದಷ್ಟು ಹೊತ್ತು

ಫೋಟೋ ವಿಷಯದಲ್ಲಿ ಕನ್ನಡ ಬಳಸುವ ಕ್ರಿಯಾಪದಗಳು ಅಷ್ಟೇನೂ ಮೆದುವಲ್ಲ. ಫೋಟೋ ತೆಗೆಯುತ್ತೇವೆ, ಹೊಡೆಯುತ್ತೇವೆ, ಹಿಡಿಯುತ್ತೇವೆ. ಪತ್ರಿಕೆಯ ಭಾಷೆಯಲ್ಲಾದರೆ ಸೆರೆಹಿಡಿಯುತ್ತೇವೆ. ಎದುರಿಗಿದ್ದವರಿಂದ ಏನನ್ನೋ ಪಡೆಯುತ್ತಿದ್ದೇವೆ ಎಂಬುದನ್ನು ಭಾಷೆ ಮರೆಮಾಚುವುದಿಲ್ಲ. ಹಾಗಿದ್ದರೆ ಎಷ್ಟು ಪಡೆಯಬಹುದು, ಹೇಗೆ ಪಡೆಯಬೇಕು? ವೀರಗಲ್ಲುಗಳ ಕುರಿತ ನನ್ನ ಪಿಎಚ್‌ಡಿ ಕ್ಷೇತ್ರಕಾರ್ಯಕ್ಕೆ ಕ್ಯಾಮೆರಾ ಆರಿಸುವಾಗ ಬೆಲೆ, ತೂಕಗಳ ಲೆಕ್ಕಕ್ಕಿಂತ ಹೆಚ್ಚಾಗಿ ಕಾಡಿದ್ದು ಈ ಪ್ರಶ್ನೆ.

ನಾನು ನೋಡುತ್ತಿದ್ದುದು ಲಾರ್ಜ್ ಫಾರ್ಮ್ಯಾಟ್ ಫಿಲ್ಮ್ ಕ್ಯಾಮೆರಾಗಳನ್ನು. ಇವುಗಳಲ್ಲಿ ಒಂದೊಂದು ಚಿತ್ರಕ್ಕೂ ಒಂದೊಂದು ಬಿಡಿ ಫಿಲ್ಮ್ ಹಾಳೆ ಬೇಕು. ಒಂದು ಹೋಲ್ಡರ್‌ನ ಎರಡು ಬದಿಗೆ ಎರಡು ಹಾಳೆ. ಐದು ಹೋಲ್ಡರ್ ಹೊತ್ತು ಹೊರಟರೆ ಆ ದಿನಕ್ಕೆ ಹತ್ತೇ ಚಿತ್ರ. 4×5 ಇಂಚಿನ ಹಾಳೆ ಸಾಮಾನ್ಯ 35 ಎಂ.ಎಂ. ಫಿಲ್ಮಿನ ಒಂದು ಚೌಕಟ್ಟಿಗಿಂತ ಸುಮಾರು 15 ಪಟ್ಟು ದೊಡ್ಡದು. 8×10 ಇಂಚಿನದು ಅದರ ನಾಲ್ಕು ಪಟ್ಟು. ವೀರಗಲ್ಲಿಗೆ ಇದರಿಂದ ನಿಜವಾದ ಲಾಭವಿದೆ. ಓರೆ ಬಿಸಿಲಿನಲ್ಲಿ ಸವೆದ ಅಕ್ಷರದ ಗೆರೆಯೂ ಉಳಿಯುತ್ತದೆ. ಕ್ಯಾಮೆರಾವನ್ನು ಮೇಲಕ್ಕೆ ಬಾಗಿಸದೆ ಲೆನ್ಸನ್ನಷ್ಟೇ ಏರಿಸಬಹುದಾದ್ದರಿಂದ ಎತ್ತರದ ಕಲ್ಲಿನ ಅಂಚುಗಳು ಮೇಲ್ಗಡೆ ಒಂದಕ್ಕೊಂದು ವಾಲಿದಂತೆ ಕಾಣುವುದಿಲ್ಲ.

ಈ ಕ್ಯಾಮೆರಾವನ್ನು ಮೆಚ್ಚುವವರು ಅದರ ನಿಧಾನವನ್ನೇ ಒಂದು ಸದ್ಗುಣವೆಂಬಂತೆ ಹೊಗಳುವುದುಂಟು. ಆನ್ಸೆಲ್ ಆಡಮ್ಸ್ ಅವರ ಕತೆ ಇದಕ್ಕೆ ಒದಗಿಬರುತ್ತದೆ. 1927ರ ಏಪ್ರಿಲ್‌ನಲ್ಲಿ ಅಮೆರಿಕದ ಯೊಸೆಮಿಟಿಯಲ್ಲಿ ಹಾಫ್ ಡೋಮ್ ಬಂಡೆಯ ಎದುರು ನಿಂತಾಗ ಅವರ ಬಳಿ ಉಳಿದಿದ್ದುದು ಎರಡೇ ಗಾಜಿನ ಫಲಕ. ಒಂದನ್ನು ಹಳದಿ ಫಿಲ್ಟರ್ ಹಾಕಿ ಬಳಸಿದರು. ಮನಸ್ಸಿಗೆ ಒಪ್ಪದೆ ಕಡೆಯದಕ್ಕೆ ಗಾಢ ಕೆಂಪು ಫಿಲ್ಟರ್ ಹಾಕಿದರು. ಆಕಾಶ ಕಪ್ಪಾಗಿ ಮೂಡಿದ ಆ ಎರಡನೆಯ ಚಿತ್ರವೇ ಪ್ರಸಿದ್ಧವಾಯಿತು. ಕೊರತೆಯಿಂದ ಯೋಚನೆ ಹರಿತವಾಗುತ್ತದೆ, ನಿಜ. ಆದರೆ ಬಂಡೆಗೆ ಇಷ್ಟಾನಿಷ್ಟಗಳಿಲ್ಲ.

ಮನುಷ್ಯರು ಎದುರಿಗೆ ಬಂದಾಗ ನಿಧಾನದ ಚರಿತ್ರೆ ಇಷ್ಟು ಚೆಂದವಾಗಿಲ್ಲ. ಎಡ್ವರ್ಡ್ ಕರ್ಟಿಸ್ ಅಮೆರಿಕದ ಮೂಲನಿವಾಸಿಗಳನ್ನು ಗಾಜಿನ ನೆಗೆಟಿವ್‌ಗಳಲ್ಲಿ ದಶಕಗಳ ಕಾಲ ಚಿತ್ರಿಸಿದರು. ಪೀಗನ್ ಗುಡಾರದೊಳಗಿನ ಚಿತ್ರವೊಂದರಲ್ಲಿ ಕುಳಿತ ಇಬ್ಬರ ನಡುವೆ ಒಂದು ಗಡಿಯಾರವಿತ್ತು. ಅಚ್ಚಾಗುವಾಗ ಅದನ್ನು ಅಳಿಸಲಾಯಿತು; ಅವರು ಹಳೆಯ ಕಾಲದವರಾಗಿಯೇ ಕಾಣಬೇಕಿತ್ತು. ನಮ್ಮಲ್ಲಿ 1868ರಿಂದ 1875ರವರೆಗೆ ಎಂಟು ಸಂಪುಟಗಳಲ್ಲಿ ಬಂದ ‘ದಿ ಪೀಪಲ್ ಆಫ್ ಇಂಡಿಯಾ’ ಜನರನ್ನು ಜಾತಿ, ಬುಡಕಟ್ಟುಗಳ ಮಾದರಿಗಳಾಗಿ ನಿಲ್ಲಿಸಿತು. ಇವುಗಳ ಹಿಂದಿದ್ದ ಕ್ಯಾಮೆರಾಗಳೂ ನಿಧಾನವೇ. ನಿಧಾನವಾಗಿ ತೆಗೆದ ಮಾತ್ರಕ್ಕೆ ತೆಗೆದವರು ನ್ಯಾಯವಂತರಾಗುವುದಿಲ್ಲ.

ಹಾಗಾದರೆ ಈ ಭಾರವನ್ನು ಯಾಕೆ ಹೊರಬೇಕು? ನನಗೆ ಹೊಳೆಯುವ ಕಾರಣ ಒಂದೇ: ದೊಡ್ಡ ಕ್ಯಾಮೆರಾ ಅಡಗುವುದಿಲ್ಲ. ಟ್ರೈಪಾಡ್ ಬಿಡಿಸಿ, ಕಪ್ಪು ಬಟ್ಟೆ ಹೊದ್ದು, ಫೋಕಸ್ ಮಾಡುವಷ್ಟರಲ್ಲಿ ಹತ್ತು ನಿಮಿಷ ಕಳೆದಿರುತ್ತದೆ. ಅಷ್ಟರಲ್ಲಿ ಎದುರಿಗಿದ್ದವರು ಪ್ರಶ್ನೆ ಕೇಳಬಹುದು, ಮನೆಯವರನ್ನು ಕರೆಯಬಹುದು, ಎದ್ದು ಹೋಗಬಹುದು, ಬೇಡ ಎನ್ನಬಹುದು. ಮೊಬೈಲಿನ ಮುಂದೆ ‘ಬೇಡ’ ಎಂಬ ಮಾತು ಬಾಯಿಗೆ ಬರುವ ಮೊದಲೇ ಚಿತ್ರ ಮುಗಿದಿರುತ್ತದೆ. ಎಷ್ಟೋ ವೀರಗಲ್ಲುಗಳಿಗೆ ಇಂದಿಗೂ ಎಣ್ಣೆ, ಕುಂಕುಮದ ಪೂಜೆ ನಡೆಯುತ್ತದೆ. ನಮಗೆ ಆಕರವಾದದ್ದು ಅವರಿಗೆ ದೇವರು. ಸೊರಬದ ಕಡೆಯ ಊರೊಂದರಲ್ಲಿ ಅಜ್ಜಿಯೊಬ್ಬರು ನನ್ನನ್ನು ಕೇಳಿದ್ದರು: “ಎಷ್ಟು ಫೋಟ ತೆಗಿತಿ ಮಗಾ? ತಗಂಡು ಎಂತ ಮಾಡ್ತಿ?” ಸಂಶೋಧನಾ ವಿಧಾನದ ಬಗ್ಗೆ ಇದಕ್ಕಿಂತ ನೇರವಾದ ಪ್ರಶ್ನೆಯನ್ನು ನನಗೆ ಯಾವ ವಿಚಾರ ಸಂಕಿರಣದಲ್ಲೂ ಯಾರೂ ಕೇಳಿಲ್ಲ.

ಇದಕ್ಕೊಂದು ತಕರಾರೂ ಇದೆ. ಹಳ್ಳಿಯಲ್ಲಿ ಮೂರು ಕಾಲಿನ ಸ್ಟ್ಯಾಂಡ್ ನೆಟ್ಟರೆ ಜನಕ್ಕೆ ಮೊದಲು ನೆನಪಾಗುವುದು ಜಮೀನು ಅಳೆಯಲು ಬರುವ ಸರ್ವೆಯವರು. ಸರ್ಕಾರದ ಕೆಲಸವಿರಬೇಕೆಂದು ಅಂಜಿ ಸುಮ್ಮನಾದವರ ಮೌನವನ್ನು ಒಪ್ಪಿಗೆ ಎಂದು ಬರೆದುಕೊಳ್ಳುವುದು ಸುಲಭ. ಆದ್ದರಿಂದ ಕ್ಯಾಮೆರಾ ಕೊಡುವುದು ಹೊತ್ತನ್ನು ಮಾತ್ರ. ಅದನ್ನು ತುಂಬಬೇಕಾದ್ದು ಮಾತು: ನಾನು ಯಾರು, ಚಿತ್ರ ಎಲ್ಲಿಗೆ ಹೋಗುತ್ತದೆ, ಯಾರು ನೋಡುತ್ತಾರೆ. ಬೇಕೆಂದವರನ್ನು ಕಪ್ಪು ಬಟ್ಟೆಯೊಳಗೆ ಕರೆದು, ಗಾಜಿನ ಮೇಲೆ ತಲೆಕೆಳಗಾಗಿ ನಿಂತ ತಮ್ಮ ಕಲ್ಲನ್ನು ಅವರೇ ನೋಡುವಂತೆ ಮಾಡಬಹುದು. ಏನನ್ನು ಕೊಡುತ್ತಿದ್ದೇವೆಂದು ಕಂಡ ಮೇಲೆ ಕೊಟ್ಟ ಒಪ್ಪಿಗೆಗೆ ಬೆಲೆ ಹೆಚ್ಚು.

ನಾನು ಆರಿಸಿಕೊಂಡದ್ದು ಪೆಟ್ಟಿಗೆಯಂತೆ ಮಡಚಬಹುದಾದ 4×5ರ ಮರದ ಕ್ಯಾಮೆರಾ. 8×10ರ ಸೊಗಸು ಬೇರೆಯೇ; ಆದರೆ ಅದನ್ನು ಹೊರಲು ಜೊತೆಗೊಬ್ಬರು ಬೇಕು, ಇಂದು ಬೇಡ ಎಂದವರ ಊರಿಗೆ ಇನ್ನೊಂದು ದಿನ ಬಸ್ಸು ಹತ್ತಿ ಹೋಗುವುದು ಕಷ್ಟ. ಹೋಲ್ಡರ್‌ನ ಎರಡು ಹಾಳೆಗಳಲ್ಲಿ ಒಂದನ್ನು ಪ್ರಬಂಧಕ್ಕೆ, ಇನ್ನೊಂದನ್ನು ಆ ಊರಿನವರು ಕೇಳಿದ ಚಿತ್ರಕ್ಕೆ ಇಡಬೇಕೆಂದು ನಿಶ್ಚಯಿಸಿದ್ದೇನೆ. ಅದರ ಪ್ರಿಂಟ್ ಅವರ ಮನೆಗೆ ತಲುಪಬೇಕು. ಬೇಡವೆಂದರೆ ಎರಡೂ ಹಾಳೆ ಬೆಳಕು ಕಾಣದೆ ವಾಪಸು ಬರುತ್ತವೆ. ಪ್ರಬಂಧದ ಆ ಪುಟದಲ್ಲಿ ಕಲ್ಲಿನ ವಿವರವನ್ನು ಮಾತಿನಲ್ಲೇ ಬರೆದು, ಚಿತ್ರಕ್ಕೆ ಊರಿನವರ ಒಪ್ಪಿಗೆ ಇರಲಿಲ್ಲ ಎಂದು ಕೆಳಗೆ ಸೇರಿಸುವೆ.