ಕಾಯುವವರು

ಕನ್ನಡದಲ್ಲಿ ‘ಕಾಯು’ ಎಂಬ ಧಾತುವಿಗೆ ಎರಡು ಅರ್ಥಗಳುಂಟು. ತೋಟದ ಬೇಲಿಯ ಬಳಿ ಕೋಲು ಹಿಡಿದು ಕುಳಿತವನೂ ಕಾಯುತ್ತಾನೆ; ಕಚೇರಿಯ ಬಾಗಿಲಲ್ಲಿ ಸಂಬಳಕ್ಕಾಗಿ ನಿಂತವನೂ ಕಾಯುತ್ತಾನೆ. ಬಿಸಿಯಾಗುವುದು ಎಂಬ ಮೂರನೆಯ ಅರ್ಥವೂ ಇದೆ. ಸದ್ಯಕ್ಕೆ ಅದರ ಗೊಡವೆ ಬೇಡ. ನಮ್ಮನ್ನು ಕಾಯುವವರು ಯಾರು, ನಮಗಾಗಿ ಕಾಯುವವರು ಯಾರು ಎಂದು ವಿಚಾರ ಮಾಡಹೊರಟರೆ ಮೊದಲಿನ ಎರಡು ಅರ್ಥಗಳೂ ಒಂದರೊಳಗೊಂದು ಹೆಣೆದುಕೊಂಡುಬಿಡುತ್ತವೆ. ಬೊಕ್ಕಸದಲ್ಲಿ ಹಣ ಸಾಲದೆ ಬಂದಾಗ ಯಾರನ್ನು ಕಾಯಿಸಬಹುದು, ಯಾರನ್ನು ಕಾಯಿಸಬಾರದು?

ಇದು ಲೆಕ್ಕಾಧಿಕಾರಿಗಳು ಕೇಳಿಕೊಳ್ಳಬೇಕಾದ ಪ್ರಶ್ನೆ, ಸಾಹಿತ್ಯದ ಪುಟದಲ್ಲಿ ಇದಕ್ಕೇನು ಕೆಲಸ ಎಂದು ಕೆಲವರಿಗೆ ಅನ್ನಿಸಬಹುದು. ನನಗೆ ಹಾಗೆ ತೋರುವುದಿಲ್ಲ. ಕರ್ನಾಟಕದ 2025-26ರ ಆಯವ್ಯಯದ ಗಾತ್ರ 4,09,549 ಕೋಟಿ ರೂಪಾಯಿ. ಇಷ್ಟು ದೊಡ್ಡ ಮೊತ್ತದಲ್ಲಿ ಯಾರಿಗೆ ಮೊದಲು, ಯಾರಿಗೆ ಆಮೇಲೆ ಎಂಬುದನ್ನು ಕೂಡುವ ಕಳೆಯುವ ವಿದ್ಯೆಯೊಂದೇ ನಿರ್ಧರಿಸಲಾರದು. ಅಲ್ಲಿ ಧರ್ಮಾಧರ್ಮದ ತೂಕವೂ ನಡೆದಿರುತ್ತದೆ. ತೂಗಿದವರಿಗೆ ಅದು ಗೊತ್ತಿಲ್ಲದೆ ಇರಬಹುದು, ಅಷ್ಟೆ. ಕೆ. ಸುಧಾಕರ ರಾವ್ ಅವರ ಅಧ್ಯಕ್ಷತೆಯ ಏಳನೆಯ ವೇತನ ಆಯೋಗದ ಶಿಫಾರಸು 2024ರ ಆಗಸ್ಟ್ 1ರಿಂದ ಜಾರಿಗೆ ಬಂದಿತು. ಮೂಲ ವೇತನದ ಮೇಲೆ ಶೇಕಡ 27.5ರಷ್ಟು ಹೆಚ್ಚಳ, ಕನಿಷ್ಠ ಮೂಲ ವೇತನ 17,000ದಿಂದ 27,000 ರೂಪಾಯಿಗೆ ಏರಿತು, ವರ್ಷಕ್ಕೆ 20,208 ಕೋಟಿ ರೂಪಾಯಿಯ ಹೊಸ ಹೊರೆ. ಪದವಿಪೂರ್ವ ಕಾಲೇಜಿನ ಉಪನ್ಯಾಸಕನಾದ ನನಗೂ ಅದರಲ್ಲಿ ಪಾಲು ಬಂದಿದೆ. ಈ ಪಂಕ್ತಿಯಲ್ಲಿ ಕುಳಿತು ಉಂಡವನ ಮಾತಿದು ಎಂಬುದನ್ನು ವಾಚಕರು ಮೊದಲೇ ತಿಳಿದಿರುವುದು ಒಳ್ಳೆಯದು.

‘ಸಂಬಳ’ ಎಂಬ ಮಾತನ್ನೇ ನೋಡಿ. ಅದು ಸಂಸ್ಕೃತದ ‘ಶಂಬಲ’ದಿಂದ ಬಂದದ್ದು, ದಾರಿಯ ಬುತ್ತಿ ಎಂದು ಅದರ ಅರ್ಥ. ಪಯಣ ಹೊರಟವನ ಹೆಗಲಿಗೆ ಮನೆಯವರು ಕಟ್ಟಿಕೊಡುವ ಗಂಟು. ಬುತ್ತಿಯ ಗುಣವೇನೆಂದರೆ, ಅದು ಹಸಿವಾಗುವುದಕ್ಕೆ ಮುಂಚೆ ಕೈಸೇರಬೇಕು. ಊರು ಮುಟ್ಟಿ ಮೂರು ತಿಂಗಳಾದ ಮೇಲೆ ಬಂದ ಬುತ್ತಿಗೆ ಬುತ್ತಿ ಎನ್ನುವುದಿಲ್ಲ. ಈಗ ಇನ್ನೊಂದು ಮಾತು ಬಳಕೆಗೆ ಬಂದಿದೆ, ‘ಗೌರವಧನ’. ನಮ್ಮ ಕಾಲೇಜುಗಳ ಅತಿಥಿ ಉಪನ್ಯಾಸಕರಿಗೆ, ಅಂಗನವಾಡಿಯ ಕಾರ್ಯಕರ್ತೆಯರಿಗೆ ಸಲ್ಲುವುದು ಸಂಬಳವಲ್ಲ, ಗೌರವಧನ. ಧನ ಕಡಮೆಯಾದಷ್ಟೂ ಅದರ ಹಿಂದೆ ಗೌರವವನ್ನು ಸೇರಿಸುವ ಈ ಸಮಾಸವನ್ನು ಯಾವ ವೈಯಾಕರಣಿ ಕಟ್ಟಿದನೋ ತಿಳಿಯದು.

ಹೋದ ಅಡಿಕೆ ಸುಗ್ಗಿಯಲ್ಲಿ ನಮ್ಮ ಬಸವಾಪಟ್ಟಣದ ಒಂದು ಹೋಟೆಲಿನಲ್ಲಿ ಈ ವಿಷಯವಾಗಿ ಸಣ್ಣದೊಂದು ವಾಗ್ವಾದ ನಡೆಯಿತು. ಹತ್ತಿರದ ಹಳ್ಳಿಯೊಂದರಲ್ಲಿ ನಲ್ಲಿಗೆ ನೀರು ಬಿಡುವವನಿಗೆ ಮೂರು ತಿಂಗಳಿಂದ ಸಂಬಳವಾಗಿರಲಿಲ್ಲ. ಕಾಗದಪತ್ರದಲ್ಲಿ ಅವನು ವಾಟರ್‌ಮ್ಯಾನ್. ಹಳಬರ ಬಾಯಲ್ಲಿ ನೀರಗಂಟಿ. ಅದೇ ಹೊತ್ತಿಗೆ ಸುತ್ತಲಿನ ತೋಟದವರು ಸೇರಿ, ಅಡಿಕೆ ಬೇಯಿಸಿ ಅಂಗಳದಲ್ಲಿ ಹರವುವ ದಿನಗಳಲ್ಲಿ ರಾತ್ರಿ ಗಸ್ತಿಗೆ ಹೆಚ್ಚಿನ ಪೊಲೀಸರು ಬೇಕೆಂದು ಮನವಿ ಕೊಟ್ಟಿದ್ದರು. ಎರಡು ಸುದ್ದಿಗಳನ್ನೂ ಒಟ್ಟಿಗೆ ಕೇಳಿದ ನಾನು, “ಯಜಮಾನರೆ, ಮನವಿಯಲ್ಲಿ ನೀರು ಬಿಡುವವನ ಸಂಬಳದ ಮಾತನ್ನೂ ಒಂದು ಸಾಲು ಸೇರಿಸಬಹುದಿತ್ತಲ್ಲ?” ಎಂದೆ.

“ಮೇಷ್ಟ್ರೆ, ನೀರು ಒಂದಿನ ಬರ್ಲಿಲ್ಲ ಅಂದ್ರೆ ಬೋರಿನ ಹತ್ರ ಹೋಗಿ ಹಿಡ್ಕೊಂಡು ಬರ್ತೀವಿ. ಅಂಗಳದ ಅಡಿಕೆ ಹೋತು ಅಂದ್ರೆ ವರ್ಷದ ಬಾಳೇ ಹೋತು,” ಎಂದರು ಆ ಹಿರಿಯರು. “ನಿಮ್ ಪುಸ್ತಕದಾಗೆ ಏನಿದೆಯೋ ಕಾಣೆ. ನಂಗೆ ನಿದ್ದೆ ಬರ್ಬೇಕು ನೋಡಿ.”

ಅವರ ಮಾತನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಚನ್ನಗಿರಿ ಸೀಮೆಯಲ್ಲಿ ಅಡಿಕೆಯೆಂದರೆ ಮಗಳ ಮದುವೆ, ಮಗನ ಕಾಲೇಜು ಫೀಜು, ಬ್ಯಾಂಕಿನ ಸಾಲ ಎಲ್ಲವೂ ಹೌದು. ಕಳ್ಳನಿಗೆ ಹೆದರಿ ರಾತ್ರಿಯೆಲ್ಲ ಎಚ್ಚರವಿರುವವನಿಗೆ ನ್ಯಾಯದ ವ್ಯಾಖ್ಯಾನ ಹೇಳಹೋಗುವುದು ನನ್ನಿಂದಾಗದ ಕೆಲಸ. ಆದರೂ ಆ ಮಾತಿನೊಳಗೆ ಒಂದು ಅಳತೆಗೋಲು ಅಡಗಿತ್ತು. ಯಾರ ಕೆಲಸ ನಿಂತರೆ ನನಗೆ ಭಯವಾಗುತ್ತದೆಯೋ ಅವರಿಗೆ ಮೊದಲು. ಯಾರ ಕೆಲಸ ನಿಂತರೆ ಬರಿಯ ತೊಂದರೆಯೋ ಅವರು ಕಾಯಲಿ. ಈ ಅಳತೆಗೋಲು ಆ ಹಿರಿಯರೊಬ್ಬರದಲ್ಲ; ರಾಜ್ಯಗಳನ್ನು ಆಳಿದವರದೂ ಇದೇ.

ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಸಂಬಳದ ಒಂದು ಪಟ್ಟಿಯೇ ಇದೆ. ಆದಾಯದ ಕಾಲು ಭಾಗವನ್ನು ನೌಕರವರ್ಗಕ್ಕೆ ಇಡಬೇಕೆನ್ನುತ್ತಾನೆ. ಮಂತ್ರಿ, ಪುರೋಹಿತ, ಸೇನಾಪತಿ, ಯುವರಾಜರಿಗೆ 48,000 ಪಣ; ಪಟ್ಟಿಯ ತುದಿಯಲ್ಲಿರುವ ಸೇವಕರಿಗೆ 60 ಪಣ. ಅಂದರೆ ಎಂಟುನೂರು ಪಟ್ಟು ಅಂತರ. ಮೇಲಿನವರಿಗೆ ಅಷ್ಟೇಕೆ ಎಂಬುದಕ್ಕೆ ಅವನು ಕೊಡುವ ಕಾರಣ ಗಮನಿಸತಕ್ಕದ್ದು: ಅಷ್ಟು ಕೊಟ್ಟರೆ ಅವರು ಆಮಿಷಕ್ಕೆ ಬೀಳರು, ಮುನಿಯಲಾರರು. ಅರವತ್ತು ಪಣದವನು ಮುನಿದರೆ ರಾಜನಿಗೇನು ನಷ್ಟ? ಆದ್ದರಿಂದ ಅವನ ವಿಷಯದಲ್ಲಿ ಆ ಮಾತೇ ಏಳುವುದಿಲ್ಲ.

ನಮ್ಮ ಹಳ್ಳಿಗಳ ಹಳೆಯ ಏರ್ಪಾಡು ಬೇರೆಯಾಗಿತ್ತು. ಆಯಗಾರರೆಂದು ಹನ್ನೆರಡು ಮಂದಿ. ಅವರಲ್ಲಿ ಊರು ಕಾಯುವ ತಳವಾರನೂ ಒಬ್ಬ, ಕೆರೆಯ ನೀರು ಹಂಚುವ ನೀರಗಂಟಿಯೂ ಒಬ್ಬ. ಇಬ್ಬರಿಗೂ ಸುಗ್ಗಿಯಲ್ಲಿ ಅದೇ ಕಣದಲ್ಲಿ, ಅದೇ ರಾಶಿಯಿಂದ ಆಯ ಅಳೆಯುತ್ತಿದ್ದರು. ಆಯ ಕೊಟ್ಟ ಮೇಲೆಯೇ ಉಳಿದ ಕಾಳು ಒಡೆಯನ ಮನೆಗೆ. ಮಳೆ ಕೈಕೊಟ್ಟ ವರ್ಷ ರಾಶಿ ಚಿಕ್ಕದಾದರೆ ಎಲ್ಲರ ಪಾಲೂ ಚಿಕ್ಕದಾಗುತ್ತಿತ್ತು. ಕಳವಾದ ಮಾಲನ್ನು ಪತ್ತೆಹಚ್ಚದಿದ್ದರೆ ತಳವಾರನೇ ಅದನ್ನು ತುಂಬಿಕೊಡಬೇಕೆಂಬ ಕಟ್ಟುಪಾಡೂ ಅನೇಕ ಕಡೆ ಇತ್ತು. ಕಾವಲಿಗೂ ನೀರಿಗೂ ಒಂದೇ ಕಣ ಎಂಬುದು ಎಷ್ಟು ಸೊಗಸು ಎಂದು ಹೇಳುವವರನ್ನು ನಾನು ಕೇಳಿದ್ದೇನೆ. ಅವರು ಮರೆಯುವ ಸಂಗತಿಯೊಂದಿದೆ. ಆ ತಳವಾರ, ಆ ತೋಟಿ ಹುಟ್ಟಿನಿಂದಲೇ ಆ ಕೆಲಸಕ್ಕೆ ಕಟ್ಟುಬಿದ್ದವರು; ಒಲ್ಲೆ ಎನ್ನುವ ಹಕ್ಕು ಅವರಿಗಿರಲಿಲ್ಲ; ರಾಶಿಯ ಹತ್ತಿರ ಬರುವ ಹಕ್ಕೂ ಕೆಲವರಿಗಿರಲಿಲ್ಲ. ಮುಂಬಯಿ ಪ್ರಾಂತದಲ್ಲಿ ಇಂಥದೇ ಮಹಾರ್ ವತನದ ಬಂಧನವನ್ನು ಸಡಿಲಿಸಲು ಡಾಕ್ಟರ್ ಅಂಬೇಡ್ಕರರು 1928ರಲ್ಲಿಯೇ ಶಾಸನಸಭೆಯಲ್ಲಿ ಮಸೂದೆ ತಂದರು. ನಮ್ಮಲ್ಲಿ 1961ರ ಗ್ರಾಮಾಧಿಕಾರ ರದ್ದಿಯಾತಿ ಕಾನೂನು 1963ರಲ್ಲಿ ಜಾರಿಗೆ ಬಂದು ಆ ವಂಶಪಾರಂಪರ್ಯ ಮುಗಿಯಿತು. ಮುಗಿದದ್ದು ಒಳ್ಳೆಯದೇ ಆಯಿತು. ಆದರೆ ಹಳೆಯ ಕಣ ಹೋದಾಗ ಹೊಸ ಕಣ ಒಂದಾಗಲಿಲ್ಲ, ಎರಡಾಯಿತು. ಕಾವಲುಗಾರನಿಗೆ ಬೆಂಗಳೂರಿನ ಖಜಾನೆ. ನೀರು ಬಿಡುವವನಿಗೂ ಚರಂಡಿ ಬಳಿಯುವವನಿಗೂ ಮನೆಗಂದಾಯ, ನೀರಿನ ಕರ, ಮೇಲಿನಿಂದ ಬಂದಷ್ಟು ಅನುದಾನ. ಸಂವಿಧಾನದ 73ನೆಯ ತಿದ್ದುಪಡಿ ಪಂಚಾಯತಿಗಳ ಹೆಸರಿಗೆ 29 ವಿಷಯಗಳನ್ನು ಬರೆಯಿತು. ವಿಷಯಗಳು ಬಂದಷ್ಟು ಬೇಗ ಹಣ ಬರಲಿಲ್ಲ ಎಂಬುದನ್ನು ಯಾವ ಪಂಚಾಯತಿ ಸದಸ್ಯರನ್ನು ಕೇಳಿದರೂ ಹೇಳುತ್ತಾರೆ.

ಬರಿದಾದ ಬೊಕ್ಕಸ ಏನು ಮಾಡಬಲ್ಲುದು ಎಂಬುದಕ್ಕೆ ಬಸವಾಪಟ್ಟಣದ ಮಣ್ಣೇ ಸಾಕ್ಷಿಯಿದೆ. ಮೊಗಲರ ಕಾಲದಲ್ಲಿ ಸಿರಾ ಸುಬೆಯ ಏಳು ಪರಗಣೆಗಳಲ್ಲಿ ಇದೂ ಒಂದಾಗಿತ್ತು. ಆ ಹಿರಿಮೆಯ ಮಾತು ಇರಲಿ. 1811ರಲ್ಲಿ ದಿವಾನ್ ಪೂರ್ಣಯ್ಯ ಅಧಿಕಾರ ಬಿಟ್ಟಾಗ ಮೈಸೂರಿನ ಬೊಕ್ಕಸದಲ್ಲಿ ಎರಡು ಕೋಟಿಗೂ ಮಿಗಿಲಾದ ಹಣವಿತ್ತು. ಮುಂದಿನ ವರ್ಷಗಳಲ್ಲಿ ಅದು ಕರಗಿತು. ಸೈನ್ಯದ ಸಂಬಳ ಬಾಕಿ ಬಿತ್ತು. ಇಷ್ಟು ಕಂದಾಯ ಎತ್ತಿಕೊಡುತ್ತೇನೆಂದು ಅಮಲ್ದಾರರು ಕರಾರು ಬರೆದುಕೊಡುವ ಶರತ್ತಿನ ಪದ್ಧತಿ ನಡೆದುಬಂದಿತ್ತು. ಕಡಮೆ ಬಿದ್ದರೆ ಅಮಲ್ದಾರನ ತಲೆಗೆ. ಅವನು ಅದನ್ನು ರೈತನ ತಲೆಗೆ ದಾಟಿಸಿದ. 1830ರಲ್ಲಿ ನಗರ ಸೀಮೆಯ ರೈತರು ಕೂಟ ಕಟ್ಟಿ ಕಂದಾಯ ಕೊಡುವುದಿಲ್ಲವೆಂದು ಕುಳಿತರು. ಹಾಗೆ ಕೂಟ ಸೇರಿದ ಸ್ಥಳಗಳಲ್ಲಿ ಬಸವಾಪಟ್ಟಣವೂ ಒಂದು. ಮರು ವರ್ಷ ಮೈಸೂರಿನ ಆಡಳಿತವೇ ಇಂಗ್ಲಿಷರ ಕೈಸೇರಿತು. ಚರಿತ್ರಕಾರರು ಇದಕ್ಕೆ ಬೇರೆ ಕಾರಣಗಳನ್ನೂ ಹೇಳುತ್ತಾರೆ, ನಿಜ. ನನ್ನ ಗಮನಕ್ಕೆ ಬರುವುದು ಇಷ್ಟು: ಮೇಲೆ ಕಡಮೆ ಬಿದ್ದ ಹಣ ಕೆಳಗೆ ಇಳಿಯುತ್ತ ಇಳಿಯುತ್ತ, ಇನ್ನು ಯಾರಿಗೂ ದಾಟಿಸಲಾರದವನ ಬಳಿ ಬಂದು ನಿಂತಿತು. ಇಂದು ಆ ಸ್ಥಳದಲ್ಲಿ ನಿಂತಿರುವವನು ನೀರು ಬಿಡುವವನು. ಅವನು ದಾಟಿಸಬೇಕಾದರೆ ಬಡ್ಡಿ ಸಾಲದ ಅಂಗಡಿಗೇ ಹೋಗಬೇಕು.

ದೂರದ ಅಮೆರಿಕದ ನಿದರ್ಶನವೊಂದನ್ನು ನೋಡೋಣ. ಅಲ್ಲಿಯ ಡೆಟ್ರಾಯಿಟ್ ನಗರ 2013ರ ಜುಲೈಯಲ್ಲಿ ಸುಮಾರು 1,800 ಕೋಟಿ ಡಾಲರ್ ಋಣಭಾರದೊಡನೆ ದಿವಾಳಿ ಅರ್ಜಿ ಹಾಕಿತು. ಮುಂದಿನ ವರ್ಷ ನಡೆದ ಒಪ್ಪಂದದಲ್ಲಿ ಸಾಮಾನ್ಯ ನೌಕರರ ನಿವೃತ್ತಿವೇತನ ಶೇಕಡ 4.5ರಷ್ಟು ಕಡಿಮೆಯಾಯಿತು, ಪೊಲೀಸರ, ಅಗ್ನಿಶಾಮಕ ದಳದವರ ಮೂಲ ನಿವೃತ್ತಿವೇತನಕ್ಕೆ ಕೈ ಹಾಕಲಿಲ್ಲ, ಬೆಲೆಯೇರಿಕೆಯ ಭತ್ಯವನ್ನಷ್ಟೆ ಮೊಟಕು ಮಾಡಿದರು. ಪೊಲೀಸರಿಗೆ ಕೇಂದ್ರದ ಸಾಮಾಜಿಕ ಭದ್ರತೆಯ ಆಸರೆ ಇರಲಿಲ್ಲವೆಂಬ ಕಾರಣವೂ ಅಲ್ಲಿತ್ತು. ಆದ್ದರಿಂದ ಅದನ್ನು ಅನ್ಯಾಯವೆಂದು ನಾನು ಒಮ್ಮೆಲೇ ಹೇಳಲಾರೆ. ಆದರೆ ಕನಿಷ್ಠ ಪಕ್ಷ ಅಲ್ಲಿ ಯಾರಿಗೆ ಎಷ್ಟು ಕಡಿತ ಎಂಬುದನ್ನು ಬಾಯಿಬಿಟ್ಟು ಹೇಳಿ, ನಿವೃತ್ತರ ಮತ ಪಡೆದರು. ನಮ್ಮಲ್ಲಿ ಕಡಿತವೆಂದು ಯಾರೂ ಹೇಳುವುದಿಲ್ಲ; ‘ಬಿಲ್ಲು ಮೇಲೆ ಹೋಗಿದೆ’ ಎನ್ನುತ್ತಾರೆ.

ಬೆಂಗಳೂರಿನ ಕಡೆ ನೋಡಿ. 2023ರ ಮಾರ್ಚ್ 1ರಂದು ರಾಜ್ಯ ಸರ್ಕಾರಿ ನೌಕರರು ಮುಷ್ಕರ ಹೂಡಿದರು. ಅದೇ ದಿನ ಶೇಕಡ 17ರ ಮಧ್ಯಂತರ ಪರಿಹಾರದ ಆದೇಶ ಹೊರಬಿತ್ತು, ಮುಷ್ಕರ ಮುಗಿಯಿತು. ಅದಕ್ಕೆ ಹಿಂದಿನ ವರ್ಷ, 2022ರ ಜುಲೈ ಮೊದಲ ವಾರದಲ್ಲಿ, ನಗರದ ಪೌರಕಾರ್ಮಿಕರು ಪೊರಕೆ ಕೆಳಗಿಟ್ಟು ಕೆಲಸ ಕಾಯಂ ಮಾಡಿ ಎಂದು ಕೇಳಿದ್ದರು. ಆಗಿನ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯ 12,692 ಪೌರಕಾರ್ಮಿಕರ ಕೈಗೆ ನೇಮಕಾತಿ ಪತ್ರ ಬಂದದ್ದು 2025ರ ಮೇ 1ರಂದು. ಒಂದು ಕಡೆ ಒಂದು ದಿನ. ಇನ್ನೊಂದು ಕಡೆ ಸುಮಾರು ಮೂರು ವರ್ಷ, ಅದರ ಹಿಂದೆ ಗುತ್ತಿಗೆದಾರನ ಹಂಗಿನ ದೀರ್ಘಕಾಲ. ಮೊದಲ ಸಾಲಿನಲ್ಲಿ ನಾನೂ ಇದ್ದೆ. ನಮ್ಮ ಕೈ ಫೈಲಿನ ಮೇಲಿತ್ತು, ಅವರ ಕೈ ಕಸದ ಬುಟ್ಟಿಯ ಮೇಲಿತ್ತು. ಕೆಲಸದ ಅಗತ್ಯದಲ್ಲಿ ಎರಡಕ್ಕೂ ಇಷ್ಟು ಅಂತರವಿದೆಯೆಂದು ನಾನು ನಂಬಲಾರೆ.

ಇಷ್ಟು ಹೇಳಿದರೆ ಪೊಲೀಸರ ಮೇಲೆ ನನಗೆ ಕೋಪವಿದೆ ಎಂದು ತಿಳಿಯಬಾರದು. ಭಯದ ಅಳತೆಗೋಲು ಅವರಿಗೂ ನೆಟ್ಟಗೆ ಒದಗಿಲ್ಲ. ಸಂಘ ಕಟ್ಟುವ ಅವರ ಹಕ್ಕನ್ನು 1966ರ ಕೇಂದ್ರದ ಕಾನೂನೊಂದು ಬಿಗಿಯಾಗಿ ಕಟ್ಟಿಹಾಕಿದೆ. 2016ರ ಜೂನ್‌ನಲ್ಲಿ ಕರ್ನಾಟಕದ ಪೇದೆಗಳು ಸಾಮೂಹಿಕ ರಜೆ ಹಾಕುವರೆಂದು ಸುದ್ದಿ ಎದ್ದಾಗ ಸರ್ಕಾರ ನಡುಗಿತು, ಮುಂದಾಳುವನ್ನು ಬಂಧಿಸಿತು. ಔರಾದಕರ್ ಸಮಿತಿಯ ವರದಿಯ ಮೇಲೆ ವೇತನ ಪರಿಷ್ಕರಣೆಯ ಆದೇಶ ಬಂದದ್ದು 2019ರಲ್ಲಿ. ಅಮೆರಿಕದ ಬಾಸ್ಟನ್ ನಗರದಲ್ಲಿ 1919ರಲ್ಲಿ ಮುಷ್ಕರ ಹೂಡಿದ ಸಾವಿರಕ್ಕೂ ಹೆಚ್ಚು ಪೊಲೀಸರನ್ನು ಕೆಲಸದಿಂದ ತೆಗೆದುಹಾಕಿದರು. ಅವರ ಸ್ಥಳಕ್ಕೆ ಬಂದ ಹೊಸಬರಿಗೆ ಹಳಬರು ಕೇಳಿದ್ದ ಹೆಚ್ಚಿನ ಸಂಬಳವನ್ನೇ ಕೊಟ್ಟರು! ಆ ಹಣ ಇದ್ದೇ ಇತ್ತೆಂದಾಯಿತು.

ನನ್ನ ಎದುರಿಗೆ ಬರುವ ಬಲವಾದ ವಾದ ಬೇರೆಯಿದೆ. ಹಸಿದ ಕಾವಲುಗಾರ ಲಂಚಕ್ಕೆ ಕೈಯೊಡ್ಡುತ್ತಾನೆ; ಆದ್ದರಿಂದ ಅವನಿಗೆ ಮೊದಲು ಕೊಡಿ ಎನ್ನುತ್ತಾರೆ. ಒಪ್ಪಿದೆ. ಆದರೆ ಹಸಿದ ನೀರಗಂಟಿ ಲಂಚ ತೆಗೆದುಕೊಳ್ಳುವುದಿಲ್ಲ ಎಂಬ ಕಾರಣಕ್ಕೆ ಅವನು ಕಾಯಬೇಕೆ? ತೊಟ್ಟಿಗೆ ಕ್ಲೋರಿನ್ ಪುಡಿ ಹಾಕುವ ಕೈ ಅವನದು. ಅದು ಒಂದು ವಾರ ತಪ್ಪಿದರೆ ಊರಿಗೆ ಬರುವ ವಾಂತಿಭೇದಿಯನ್ನು ಯಾವ ಠಾಣೆಯಲ್ಲಿ ದೂರು ಕೊಟ್ಟು ಹಿಡಿಸೋಣ? ಬೀದಿದೀಪ ಉರಿಸುವವನು ರಾತ್ರಿ ಕಾಯುವುದಿಲ್ಲವೆ? ನೂರಾರು ಕೋಟಿ ರೂಪಾಯಿಯ ಸೇಫ್ ಸಿಟಿ ಯೋಜನೆಯಲ್ಲಿ ಬೆಂಗಳೂರಿನ ಕಂಬಗಳಿಗೆ ಸಾವಿರಾರು ಕ್ಯಾಮೆರಾಗಳು ಬಂದಿವೆ. ಬೇಡವೆನ್ನುವುದಿಲ್ಲ. ಆದರೆ ಆ ಕಂಬದ ಕೆಳಗೆ ನಸುಕಿನಲ್ಲಿ ಗುಡಿಸುವ ಹೆಂಗಸಿಗೆ ಬೂಟು, ಕೈಗವಸು, ಒಂದು ಶೌಚಾಲಯ ಬೇಕೆಂದಾಗ ಮಾತ್ರ ನಮಗೆ ಹಣದ ಅಭಾವ ನೆನಪಾಗುತ್ತದೆ. ಕಾವಲು ಎಂದೊಡನೆ ಲಾಠಿ ಮಾತ್ರ ಕಣ್ಣಿಗೆ ಕಾಣುವುದು ಕಲ್ಪನಾಶಕ್ತಿಯ ಬಡತನ. ಆಯಗಾರರ ಕಾಲದ ನಿರಕ್ಷರಿಗೂ ಈ ಬಡತನ ಇರಲಿಲ್ಲ.

ಇದನ್ನೆಲ್ಲ ನಮ್ಮ ಸಿಬ್ಬಂದಿ ಕೊಠಡಿಯಲ್ಲಿ ಒಂದು ದಿನ ಹೇಳಿ, ಸಂಬಳದ ಏಣಿಯ ಕೆಳಗಿನ ಮೆಟ್ಟಿಲವರ ಬಾಕಿ ತೀರುವ ತನಕ ನಮ್ಮಂಥವರ ತುಟ್ಟಿಭತ್ಯದ ಹೆಚ್ಚಳವನ್ನು ತಡೆಹಿಡಿದರೆ ನೀವು ಒಪ್ಪುತ್ತೀರಾ ಎಂದು ಕೇಳಿದೆ. ಒಬ್ಬರು ನಕ್ಕರು. ಒಬ್ಬರು ಮನೆಸಾಲದ ಕಂತಿನ ಮಾತೆತ್ತಿದರು, ಅದು ಸುಳ್ಳಲ್ಲ. ಅರ್ಥಶಾಸ್ತ್ರದ ಉಪನ್ಯಾಸಕರು, “ಸರ್, ನೀವು ಬಿಟ್ಟ ಹಣ ನಿಮ್ಮ ನೀರಗಂಟಿಗೆ ಹೋಗುತ್ತದೆ ಅಂತ ಯಾರು ಹೇಳಿದರು? ಅದು ಇನ್ಯಾವುದೋ ಬಾಬತ್ತಿಗೆ ಹೋಗುತ್ತದೆ,” ಎಂದರು. ಕಿಟಕಿಯ ಪಕ್ಕ ಉತ್ತರಪತ್ರಿಕೆ ತಿದ್ದುತ್ತಿದ್ದ ಅತಿಥಿ ಉಪನ್ಯಾಸಕರು ಮಾತ್ರ ತಲೆಯೆತ್ತಲಿಲ್ಲ. ಪಾಠ ನಡೆಯುವ ತಿಂಗಳುಗಳ ಲೆಕ್ಕದಲ್ಲಿ ಅವರಿಗೆ ಗೌರವಧನ. ತುಟ್ಟಿಭತ್ಯದ ಚರ್ಚೆಗೆ ಅವರು ಸೇರುವುದಿಲ್ಲ.

ಅರ್ಥಶಾಸ್ತ್ರದವರ ಆಕ್ಷೇಪಣೆ ಸರಿಯಾದದ್ದು. ಒಬ್ಬಿಬ್ಬರ ತ್ಯಾಗದಿಂದ ಸಾಲು ಬದಲಾಗದು. ಸಾಲನ್ನು ನಿರ್ಧರಿಸುವ ಸ್ಥಳದಲ್ಲಿ ಆ ಪ್ರಶ್ನೆ ಏಳಬೇಕು. ವಿಧಾನಸೌಧ ನನಗೆ ದೂರ. ಗ್ರಾಮಸಭೆ ದೂರವಲ್ಲ, ಕಾನೂನಿನ ಪ್ರಕಾರ ಅದು ಆರು ತಿಂಗಳಿಗೊಮ್ಮೆಯಾದರೂ ಸೇರಬೇಕು. ನಾನು ಕಂಡ ಸಭೆಗಳಲ್ಲಿ ಮನೆ ಮಂಜೂರಾತಿಯ ಪಟ್ಟಿಗೆ ಎರಡು ಗಂಟೆ ಹಿಡಿಯುತ್ತದೆ. ಜಮಾಖರ್ಚು ಓದುವ ಹೊತ್ತಿಗೆ ಜನ ಚಪ್ಪಲಿ ಹುಡುಕುತ್ತಿರುತ್ತಾರೆ. ಸಿಬ್ಬಂದಿಯ ಬಾಕಿ ವೇತನದ ಸಾಲು ಇರುವುದು ಅಲ್ಲಿ. ಆ ಸಾಲನ್ನು ಮೊದಲು ಓದಿ, ಎಷ್ಟು ತಿಂಗಳ ಬಾಕಿ, ಯಾವ ದಿನಾಂಕಕ್ಕೆ ತೀರುತ್ತದೆ ಎಂದು ದಾಖಲೆ ಪುಸ್ತಕದಲ್ಲಿ ಬರೆದ ಮೇಲೆಯೇ ಉಳಿದ ವಿಷಯಗಳನ್ನು ಎತ್ತಿಕೊಳ್ಳಬೇಕು ಎಂಬುದು ನನ್ನ ಸೂಚನೆ. ಹಾಗೆ ಮಾಡಿದರೆ ಸಭೆ ಸಂಜೆಯಾದರೂ ಮುಗಿಯುವುದಿಲ್ಲ ಎಂದು ಪಂಚಾಯತಿಯ ವ್ಯವಹಾರ ಬಲ್ಲ ಸ್ನೇಹಿತರೊಬ್ಬರು ಎಚ್ಚರಿಸಿದ್ದಾರೆ. ಮುಂದಿನ ಸಭೆಗೆ ನಾನು ಮಧ್ಯಾಹ್ನದ ಊಟ ಮುಗಿಸಿಕೊಂಡೇ ಹೋಗುವವನಿದ್ದೇನೆ.